ಇಟಲಿಯ ಅಜ್ಜಿಗೆ ನಾನು ಮಾಡಿದ ಇಟಲಿಯ ಅಡುಗೆ

ಎರಡು ವಾರ ಇಟಲಿಯಲ್ಲಿ ಉಂಡು ಕುಡಿದು ಬಂದವನಿಗೆ ಆ ದೇಶದ ಅಡುಗೆಯ ಬಗ್ಗೆ ತಿಳಿಯದ್ದು ಏನೂ ಉಳಿದಿರುವುದಿಲ್ಲ ಎಂಬುದು ಒಂದು ಕಾಲಕ್ಕೆ ನನ್ನ ದೃಢವಾದ ನಂಬಿಕೆಯಾಗಿತ್ತು. ಆ ನಂಬಿಕೆ ಬಹಳ ದಿನ ಬಾಳಲಿಲ್ಲ. ಬಾಳಿದಷ್ಟು ದಿನ ಮಾತ್ರ ರಾಜವೈಭವದಿಂದ ಬಾಳಿತು.

ನಾನು ಮತ್ತು ನನ್ನ ಹೆಂಡತಿ ಶೈಲಾ ಅಮೆರಿಕದ ಸ್ಯಾನ್ ಡಿಯಾಗೋದ ಉತ್ತರಕ್ಕಿರುವ ರಾಂಚೊ ಬರ್ನಾರ್ಡೊದಲ್ಲಿ ಇರುವವರು. ನಾನು ಟೆಲಿಕಾಂ ಕಂಪನಿಯೊಂದರಲ್ಲಿ ಇಂಜಿನಿಯರ್. ಇಬ್ಬರೂ ಸಸ್ಯಾಹಾರಿಗಳು. ನಾವು ಯೂರೋಪಿಗೆ ಹೊರಟಿದ್ದೇವೆಂದು ತಿಳಿದಾಗ ಅಕ್ಕಪಕ್ಕದ ಕನ್ನಡಿಗರೆಲ್ಲ ಆಸ್ಪತ್ರೆಗೆ ಸೇರುವವರನ್ನು ನೋಡುವಂತೆ ನೋಡಿದರು. ಒಬ್ಬರು ಪುಳಿಯೋಗರೆ ಗೊಜ್ಜು ಕೊಟ್ಟರು, ಇನ್ನೊಬ್ಬರು ಚಟ್ನಿಪುಡಿ, ಮತ್ತೊಬ್ಬರು ಗೊಜ್ಜವಲಕ್ಕಿ. ಅದರಲ್ಲಿ ಒಂದು ಪೊಟ್ಟಣವನ್ನೂ ನಾವು ಬಿಚ್ಚಲಿಲ್ಲ.

ಇಟಲಿಯ ದಕ್ಷಿಣದಲ್ಲಿ, ನಕ್ಷೆಯಲ್ಲಿ ಬೂಟಿನ ಹಿಮ್ಮಡಿಯಂತೆ ಕಾಣುವ ಕಡೆ, ಪುಲಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿಗೆ ಹೋದ ಮೊದಲ ಮಧ್ಯಾಹ್ನ ಆಲಿವ್ ಮರಗಳ ನಡುವಿನ ತೋಟದ ಮನೆಯೊಂದರಲ್ಲಿ ಊಟಕ್ಕೆ ಕೂತೆವು. ಮಣ್ಣಿನ ಬಟ್ಟಲಿನಲ್ಲಿ ನಸು ಹಳದಿಯ ಗಟ್ಟಿ ತೊವ್ವೆಯಂಥದ್ದೊಂದು ಬಂತು. ಅದರ ಪಕ್ಕದಲ್ಲಿ ಬೇಯಿಸಿ ಹಿಂಡಿದ ಸೊಪ್ಪು, ಎರಡರ ಮೇಲೂ ಧಾರಾಳವಾಗಿ ಆಲಿವ್ ಎಣ್ಣೆ. ಕಾಳಿನ ಹೆಸರು ಫಾವೆ ಎಂದೂ ಸೊಪ್ಪು ಚಿಕೋರಿ ಎಂದೂ ಬಡಿಸಿದವಳು ಹೇಳಿದಳು. ಬೆಂಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ನಾವು ಬೇಡ ಬೇಡ ಎನ್ನುವ ಅದೇ ಚಿಕೋರಿ. ಬೇರನ್ನು ನಮ್ಮ ಕಾಫಿಗೆ ಕಳಿಸಿ ಎಲೆಯನ್ನು ಇವರು ಇಟ್ಟುಕೊಂಡಿದ್ದಾರೆ ಎಂದು ನನಗೆ ಅಂದು ಗೊತ್ತಾಯಿತು.

ಶೈಲಾ ಒಂದು ಚಮಚ ಬಾಯಿಗಿಟ್ಟು, ಇನ್ನೊಂದು ಚಮಚ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ರೀ, ಇದು ನಮ್ಮಮ್ಮ ಮಾಡೋ ಮಸ್ಸೊಪ್ಪಿಗೆ ತಂಗಿ ಆಗ್ಬೇಕು ಕಣ್ರಿ."

ತೋಟದ ಯಜಮಾನ ಮಣ್ಣಿನ ಹೂಜಿಯಿಂದ ಕಡುಗೆಂಪು ವೈನ್ ಬಗ್ಗಿಸಿದ. ಪ್ರಿಮಿತೀವೊ ಎಂದು ಅದರ ಹೆಸರು. ಅದುವರೆಗೆ ನಾನು ವೈನ್ ಕುಡಿಯುತ್ತಿದ್ದದ್ದು ಆಫೀಸಿನ ಪಾರ್ಟಿಗಳಲ್ಲಿ, ಗ್ಲಾಸು ಹಿಡಿಯದಿದ್ದರೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ. ಇಲ್ಲಿ ಮೊದಲ ಬಾರಿಗೆ ನಾಲಿಗೆಗೆ ಏನೋ ತಿಳಿಯಿತು. ಬಿಸಿಲಲ್ಲಿ ಬಾಡಿದ ನೇರಳೆಹಣ್ಣು, ಸ್ವಲ್ಪ ಕರಿಮೆಣಸು, ಕೊನೆಗೆ ಒಗರು. ಎರಡನೆಯ ಲೋಟಕ್ಕೆ ನಾನು ಯಜಮಾನನ ಭುಜದ ಮೇಲೆ ಕೈ ಹಾಕಿದ್ದೆ. ಮೂರನೆಯದಕ್ಕೆ ಅವನಿಗೆ ಮಸ್ಸೊಪ್ಪು ಮಾಡುವ ವಿಧಾನವನ್ನು ಕನ್ನಡದಲ್ಲಿ ವಿವರಿಸುತ್ತಿದ್ದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಹೀಗೆ ಊರಿಂದೂರಿಗೆ ಉಣ್ಣುತ್ತಾ ಬಾರಿ ಎಂಬ ಪಟ್ಟಣ ತಲುಪಿದೆವು. ಅಲ್ಲಿನ ಹಳೆಯ ಗಲ್ಲಿಗಳಲ್ಲಿ ಹೆಂಗಸರು ಮನೆಯ ಮುಂದೆ ಹಲಗೆ ಹಾಕಿಕೊಂಡು, ರವೆಯ ಹಿಟ್ಟನ್ನು ಚಾಕುವಿನಲ್ಲಿ ಎಳೆದು ಪುಟ್ಟ ಕಿವಿಯ ಆಕಾರದ ಪಾಸ್ತಾ ಮಾಡುತ್ತಾರೆ. ಹೆಸರು ಒರೆಕ್ಕಿಯೆತ್ತೆ, ಅಂದರೆ ಪುಟ್ಟ ಕಿವಿಗಳು. ನಾನೂ ಕೇಳಿ ಒಂದು ಮಾಡಿದೆ. ಆ ಹೆಂಗಸು ನನ್ನ ಕಿವಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಪಕ್ಕದ ಮನೆಯವಳನ್ನು ಕರೆದು ತೋರಿಸಿದಳು. ಇಬ್ಬರೂ ಬಹಳ ಹೊತ್ತು ನಕ್ಕರು. ನಾನು ಅದನ್ನು ಮೆಚ್ಚುಗೆ ಎಂದು ಸ್ವೀಕರಿಸಿದೆ.

ರಾಂಚೊ ಬರ್ನಾರ್ಡೊಗೆ ವಾಪಸಾದ ನಾನು ಬೇರೆಯೇ ಮನುಷ್ಯನಾಗಿದ್ದೆ. ಇದನ್ನು ಮೊದಲು ಗಮನಿಸಿದವರು ನೆರೆಹೊರೆಯವರು. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಬಿಸಿಬೇಳೆ ಭಾತ್ ತಿಂದು, "ಚೆನ್ನಾಗಿದೆ, ಆದ್ರೆ ಇದಕ್ಕೆ ಸ್ವಲ್ಪ ಒಗರಿರೋ ರೆಡ್ ಬೇಕಿತ್ತು" ಎನ್ನತೊಡಗಿದೆ. ನೀರು ಕುಡಿಯುವಾಗಲೂ ಲೋಟವನ್ನು ಒಂದು ಸುತ್ತು ತಿರುಗಿಸಿ ಮೂಸುತ್ತಿದ್ದೆ. ಕ್ರಮೇಣ ನಾನು ಕೂತ ಸೋಫಾದಲ್ಲಿ ಜಾಗ ಬಹಳ ಧಾರಾಳವಾಗಿ ಸಿಗುವಂತಾಯಿತು.

ನನ್ನ ಈ ಕೀರ್ತಿ ಲಾಸ್ ಏಂಜಲೀಸಿನವರೆಗೂ ಹಬ್ಬಿದ್ದು ನಾಗೇಶನ ಫೋನಿನಿಂದ ತಿಳಿಯಿತು. ಪೊಮೊನಾದಲ್ಲಿ ಎಂ.ಎಸ್. ಮಾಡುವಾಗ ನಾನೂ ನಾಗೇಶನೂ ಒಂದೇ ರೂಮಿನಲ್ಲಿದ್ದವರು. ಈಗ ಅವನು ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮನೆ ಮಾಡಿಕೊಂಡಿದ್ದಾನೆ. ಹೆಂಡತಿ ಗಿರಿಜಾ ಧಾರವಾಡದ ಕಡೆಯವರು. ಒಬ್ಬನೇ ಮಗ ವಿವೇಕ್.

"ಲೋ ಮೂರ್ತಿ, ನೀನು ನನ್ನ ಕಾಪಾಡ್ಬೇಕು ಕಣೋ" ಎಂದು ನಾಗೇಶ ಶುರು ಮಾಡಿದ. "ವಿವೇಕ್ ಒಂದು ಇಟಾಲಿಯನ್ ಹುಡುಗೀನ ಮದುವೆ ಆಗ್ತೀನಿ ಅಂತಿದಾನೆ. ಜೂಲಿಯಾ ಅಂತ. ಸ್ಯಾನ್ ಪೆಡ್ರೊದವರು. ಒಳ್ಳೆ ಹುಡುಗಿ. ನಮ್ದೇನೂ ಅಭ್ಯಂತರ ಇಲ್ಲ. ಆದ್ರೆ ಅವಳ ಅಜ್ಜಿ ಇದಾರಲ್ಲ, ಅವರು ಒಪ್ತಿಲ್ಲ."

"ಯಾಕಂತೆ?"

"ಮಾಂಸ ಇಲ್ಲ, ವೈನ್ ಇಲ್ಲ, ಆ ಮನೇಲಿ ನನ್ನ ಮೊಮ್ಮಗಳು ಏನು ತಿಂದು ಬದುಕ್ತಾಳೆ ಅಂತ ಕೇಳಿದ್ರಂತೆ. ಹುಡುಗೀನ ಸಾಕಿ ಬೆಳೆಸಿದ್ದೇ ಆ ಅಜ್ಜಿ. ಅವರ ಮಾತು ಮೀರಿ ಅವಳು ಹೆಜ್ಜೆ ಇಡಲ್ಲ. ಗಿರಿಜಾ ಎರಡು ವಾರದಿಂದ ಸರಿಯಾಗಿ ಊಟ ಮಾಡಿಲ್ಲ ಕಣೋ. ಮುಂದಿನ ಶನಿವಾರ ಅವರನ್ನೆಲ್ಲ ಮನೆಗೆ ಕರೆದಿದೀನಿ."

"ಇಟಲೀಲಿ ಯಾವ ಕಡೆಯವರು?"

"ಅದೇ, ನೀನು ಹೋಗಿದ್ದೆಯಲ್ಲ. ಪುಲಿಯೋ, ಪುಳಿಯೋಗರೆಯೋ."

ನನ್ನ ಮೈಯಲ್ಲಿ ಮಿಂಚು ಸಂಚರಿಸಿತು. ವಿಧಿ ನನ್ನನ್ನು ಯೂರೋಪಿಗೆ ಯಾಕೆ ಕಳಿಸಿತ್ತು ಎಂಬುದು ಈಗ ಸ್ಪಷ್ಟವಾಯಿತು. "ನಾಗೇಶ, ಅಡುಗೆ, ವೈನ್, ಮಾತುಕತೆ, ಮೂರೂ ನನಗೆ ಬಿಡು. ನೀನು ಟೇಬಲ್ ಮಾತ್ರ ಒರೆಸಿಡು" ಎಂದೆ.

ಫೋನ್ ಇಟ್ಟ ಮೇಲೆ ಶೈಲಾ ಕೇಳಿದಳು, "ರೀ, ನಿಮಗೆ ಅನ್ನಕ್ಕೆ ನೀರು ಎಷ್ಟಿಡಬೇಕು ಅಂತ ಗೊತ್ತಾ?"

ಇಂಥ ಪ್ರಶ್ನೆಗಳಿಗೆ ತಜ್ಞರು ಉತ್ತರಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಹೊರಟೆವು. ಒಣ ಫಾವೆ ಕಾಳನ್ನು ನೆನೆಸಿ ಡಬ್ಬಿಗೆ ಹಾಕಿಕೊಂಡಿದ್ದೆ. ಪಾಸ್ತಾಕ್ಕೆಂದು ಇಟಲಿಯ ರವೆಹಿಟ್ಟು, ಒಂದು ಕಟ್ಟು ಚಿಕೋರಿ ಸೊಪ್ಪು ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಆ ತೋಟದ ಯಜಮಾನ ಕೊಟ್ಟಿದ್ದ ಪ್ರಿಮಿತೀವೊ ಬಾಟಲಿ ಇತ್ತು. ಅದನ್ನು ಕಾಲ ಬಳಿ ಏಸಿಯಲ್ಲಿ ಇಟ್ಟುಕೊಳ್ಳೋಣ ಎಂದು ಶೈಲಾ ಹೇಳಿದಳು.

"ವೈನ್‌ಗೆ ಬೆಳಕು ಆಗಲ್ಲ ಶೈಲಾ. ಅದಕ್ಕೆ ಕತ್ತಲೆ ಬೇಕು" ಎಂದು ತಿಳಿಹೇಳಿ, ಬಾಟಲಿಯನ್ನು ಹಿಟ್ಟಿನ ಪೊಟ್ಟಣ ಮತ್ತು ಸೊಪ್ಪಿನ ಜೊತೆ ಒಂದೇ ಚೀಲದಲ್ಲಿ ಮಲಗಿಸಿ ಟ್ರಂಕಿನಲ್ಲಿಟ್ಟೆ.

ಆಗಸ್ಟ್ ತಿಂಗಳು. ಲಾಸ್ ಏಂಜಲೀಸಿನ ಹೊರವಲಯ ಮುಟ್ಟುವಷ್ಟರಲ್ಲಿ ಫ್ರೀವೇ ಎಂಬುದು ಪಾರ್ಕಿಂಗ್ ಲಾಟ್ ಆಗಿತ್ತು. ವುಡ್‌ಲ್ಯಾಂಡ್ ಹಿಲ್ಸ್ ಇರುವ ಕಣಿವೆಗೆ ಇಳಿದಾಗ ಕಾರಿನ ಸ್ಟೀರಿಂಗ್ ಮುಟ್ಟಲಾಗದಷ್ಟು ಬಿಸಿಲು. ನಾಗೇಶನ ಮನೆಯ ಮುಂದೆ ನಿಲ್ಲಿಸಿ ಟ್ರಂಕ್ ತೆರೆದೆ. ಮದ್ಯದಂಗಡಿಯ ಬಾಗಿಲು ತೆರೆದಂತಾಯಿತು.

ಟ್ರಂಕಿನ ಕಾವಿಗೆ ಬಾಟಲಿಯ ಬಿರಡೆ ಹೊರಬಂದಿತ್ತು. ಮಲಗಿಸಿದ ಬಾಟಲಿ ತನ್ನಲ್ಲಿದ್ದದ್ದನ್ನೆಲ್ಲ ಹಿಟ್ಟಿಗೆ ಧಾರೆಯೆರೆದಿತ್ತು. ಹಿಟ್ಟು ನೇರಳೆ ಬಣ್ಣದ ಮುದ್ದೆಯಾಗಿ ಚೀಲದ ಮೂಲೆಯಲ್ಲಿ ಕೂತಿತ್ತು. ಸೊಪ್ಪು ಪೂರ್ತಿ ಅಮಲಿನಲ್ಲಿತ್ತು.

"ಕತ್ತಲೆ ಸಾಕಾಯ್ತಾ ಅದಕ್ಕೆ?" ಎಂದು ಶೈಲಾ ಕೇಳಿದಳು.

ನಾಗೇಶನ ಮುಖ ಸಣ್ಣದಾಯಿತು. ಗಿರಿಜಾ ಮಾತ್ರ ಚೀಲದೊಳಗೆ ಇಣುಕಿ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಚಿರೋಟಿ ರವಾನ ಐತಲ್ರೀ. ನಮ್ಮನ್ಯಾಗ ಬೇಕಾದಷ್ಟೈತಿ. ಚಿಂತಿ ಬಿಡ್ರಿ" ಎಂದು ಒಳಗಿನಿಂದ ಡಬ್ಬಿ ತಂದರು. ಸೊಪ್ಪನ್ನು ಮತ್ತೆ ಮತ್ತೆ ತೊಳೆದು ಅಮಲಿಳಿಸಿದ್ದಾಯಿತು.

ನಾನು ಈ ಸಂದರ್ಭಕ್ಕೆಂದೇ ಕೊಂಡಿದ್ದ ಬಿಳಿ ಏಪ್ರನ್ ಕಟ್ಟಿಕೊಂಡು ಕಾರ್ಯಾರಂಭ ಮಾಡಿದೆ. ಫಾವೆಯನ್ನು ಕುಕ್ಕರಿಗೆ ಹಾಕಿ ಒಲೆಯ ಮೇಲಿಟ್ಟೆ. "ಎಷ್ಟು ಸೀಟಿ ಕೂಗಿಸೋದ್ರಿ?" ಎಂದು ಗಿರಿಜಾ ಕೇಳಿದಾಗ, ಇಟಲಿಯಲ್ಲಿ ಸೀಟಿ ಎಣಿಸುವ ಪದ್ಧತಿಯಿಲ್ಲ, ಪರಿಮಳದಿಂದಲೇ ತಿಳಿಯುತ್ತದೆ ಎಂದೆ. ಆಮೇಲೆ ಹಲಗೆಯ ಮೇಲೆ ಚಿರೋಟಿ ರವೆ ನಾದಿ, ಕಿವಿಗಳನ್ನು ತಯಾರಿಸುತ್ತಾ, ಬಾರಿ ಪಟ್ಟಣದ ಇತಿಹಾಸವನ್ನು ಎಲ್ಲರಿಗೂ ತಿಳಿಸುತ್ತಿದ್ದೆ. ನನ್ನ ಮೊದಲ ಕಿವಿ ಪೂರಿಯಷ್ಟಿತ್ತು. ಎರಡನೆಯದು ಶಂಕರಪೋಳಿಯಂತೆ. ಮೂರನೆಯದಕ್ಕೆ ಯಾವ ಅವಯವದ ಹೋಲಿಕೆಯೂ ಇರಲಿಲ್ಲ.

"ಎಲ್ಲಾ ಕಿವಿ ಒಂದೊಂದು ನಮೂನಿ ಅದಾವಲ್ರೀ" ಎಂದರು ಗಿರಿಜಾ. ಮರುಕ್ಷಣ ಮೂಗರಳಿಸಿ ಹೇಳಿದರು, "ಮೂರ್ತಿಯವರ, ಏನೋ ಹೊತ್ತಿದ ವಾಸನಿ ಬರಾಕತ್ತೈತ್ರಿ."

ಪರಿಮಳದಿಂದ ತಿಳಿಯುತ್ತದೆ ಎಂಬ ನನ್ನ ಮಾತು ಅಕ್ಷರಶಃ ನಿಜವಾಗಿತ್ತು. ಕುಕ್ಕರಿನಲ್ಲಿ ಫಾವೆ ತಳಹಿಡಿದು ಇದ್ದಿಲಾಗಿತ್ತು.

ಗಿರಿಜಾ ಕಿಟಕಿ ತೆರೆಯಲು ಹೋದವರು ಅಲ್ಲೇ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೊಗೆಯಿಂದ ಎಂದು ನಾವೆಲ್ಲ ನಟಿಸಿದೆವು. ಅವರಿಗೆ ಮಗನ ಬಾಳಿನ ಪ್ರಶ್ನೆ. ನನಗೆ ಆವರೆಗೆ ಅದು ನನ್ನ ಜ್ಞಾನಪ್ರದರ್ಶನದ ವೇದಿಕೆಯಾಗಿತ್ತು. ಇಂಜಿನಿಯರಿಂಗ್ ಓದಿದ್ದರ ಬದಲು ಎಲ್ಲಾದರೂ ಅಡಗಿಕೊಳ್ಳುವುದನ್ನು ಕಲಿತಿದ್ದರೆ ಉಪಯೋಗಕ್ಕೆ ಬರುತ್ತಿತ್ತು ಎನ್ನಿಸಿತು.

ಶೈಲಾ ಮಾತ್ರ ಫ್ರೀಜರಿನೊಳಗೆ ಕೈ ಹಾಕಿ ತಡಕುತ್ತಿದ್ದಳು. ಕೊನೆಗೆ ಮಂಜುಗಟ್ಟಿದ ಪೊಟ್ಟಣಗಳನ್ನು ಟಕ್ಕೆಂದು ಕಟ್ಟೆಯ ಮೇಲಿಟ್ಟಳು. ಸುರ್ತಿ ಪಾಪ್ಡಿ ಲಿಲ್ವಾ ಎಂದು ಮೇಲೆ ಬರೆದಿತ್ತು. ಗುಜರಾತಿಗಳು ಉಂಧಿಯು ಎಂಬ ಪಲ್ಯಕ್ಕೆ ಹಾಕುವ ಈ ಕಾಳೇ ಅಮೆರಿಕದಲ್ಲಿ ನಮಗೆಲ್ಲ ಅವರೆಕಾಳು.

"ಗಿರಿಜಾ, ಬಿಸಿನೀರಿಗೆ ಹಾಕಿ. ಹಿಸುಕಿ ಬೇಳೆ ಮಾಡಿಬಿಡೋಣ. ರೀ, ನೀವು ಏನೂ ಹೇಳ್ದೆ ಇಲ್ಲಿ ಕೂತ್ಕೊಂಡು ಹಿಸುಕಿ."

ನಾಲ್ವರೂ ಟೇಬಲ್ ಸುತ್ತ ಕೂತು ಅವರೆಕಾಳು ಹಿಸುಕತೊಡಗಿದೆವು. ಹೊಸ ಅಂಗಿ ಹಾಕಿಕೊಂಡಿದ್ದ ನಾಗೇಶ ಹಿಸುಕಿದ ಬೇಳೆಯೊಂದು ಗೋಡೆಗೆ ಹಾರಿತು. ಆಗ ಬಾಗಿಲ ಗಂಟೆ ಸದ್ದಾಯಿತು. ಅತಿಥಿಗಳು ಹೇಳಿದ್ದಕ್ಕಿಂತ ಮುಂಚೆ ಬಂದಿದ್ದರು.

ವಿವೇಕ್, ಜೂಲಿಯಾ, ಅವಳ ತಂದೆ ತಾಯಿ ಹಾಲಿನಲ್ಲಿ ಉಳಿದರು. ಅಜ್ಜಿ ಉಳಿಯಲಿಲ್ಲ. ಸುಟ್ಟ ವಾಸನೆ ಹಿಡಿದು ನೇರವಾಗಿ ಅಡುಗೆಮನೆಗೇ ಬಂದರು. ಜೂಲಿಯಾ ಅವರನ್ನು ನೊನ್ನಾ ಎನ್ನುತ್ತಿದ್ದಳು. ಇಟಲಿಯವರು ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಗಿಡ್ಡ ಆಳು, ಬಿಳಿ ಸ್ನೀಕರ್ಸ್, ತಲೆಯ ಮೇಲೆ ಬೇಸ್‌ಬಾಲ್ ತಂಡದ ನೀಲಿ ಟೋಪಿ.

ಈಗ ಅವರನ್ನು ಅವರ ಭಾಷೆಯಲ್ಲೇ ಸ್ವಾಗತಿಸುವ ಹೊಣೆ ನನ್ನ ಮೇಲಿತ್ತು. ಎದ್ದು ನಿಂತೆ, ಎದೆಯ ಮೇಲೆ ಕೈಯಿಟ್ಟೆ. ಎರಡು ವಾರದ ಇಟಾಲಿಯನ್‌ನಲ್ಲಿ ಗಾಬರಿಯ ಆ ಹೊತ್ತಿಗೆ ನಾಲಿಗೆಗೆ ಬಂದ ಒಂದೇ ಪೂರ್ಣ ವಾಕ್ಯವನ್ನು ಗಂಭೀರವಾಗಿ ಉಚ್ಚರಿಸಿದೆ: "ಇಲ್ ಕೋಂತೊ, ಪೆರ್ ಫವೋರೆ."

ಹಿಂದೆಯೇ ಬಂದಿದ್ದ ಜೂಲಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ದಯವಿಟ್ಟು ಬಿಲ್ ತನ್ನಿ ಎಂದು ನಾನು ಕೇಳಿದ್ದೆ.

"ಇನ್ನೂ ಊಟವೇ ಆಗಿಲ್ಲವಲ್ಲಪ್ಪ" ಎಂದು ನೊನ್ನಾ ಇಂಗ್ಲಿಷಿನಲ್ಲಿ ಉತ್ತರಿಸಿದರು. ಅವರ ಕಣ್ಣು ಟೇಬಲ್ ಮೇಲಿತ್ತು. ಹತ್ತಿರ ಬಂದು ಒಂದು ಬೇಳೆ ಎತ್ತಿಕೊಂಡರು. "ಫಾವೆ?"

"ಅವರೆ" ಎಂದೆ ನಾನು.

"ಹೌದು, ಫಾವೆ" ಎಂದರು ನೊನ್ನಾ.

ತಿದ್ದಬೇಕೆಂದು ಬಾಯಿ ತೆರೆದೆ. ಶೈಲಾ ಟೇಬಲ್ ಕೆಳಗೆ ನನ್ನ ಕಾಲು ತುಳಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ಗೊತ್ತಿದ್ದ ಸಂಗತಿಯೊಂದನ್ನು ನಾನು ಹೇಳಲಿಲ್ಲ.

ನೊನ್ನಾ ಕುರ್ಚಿ ಎಳೆದುಕೊಂಡು ಕೂತು ಹಿಸುಕತೊಡಗಿದರು. ಎರಡು ಬೆರಳಿನ ನಡುವೆ ಕಾಳು ಬರುತ್ತಿತ್ತು, ಬೇಳೆ ಬಟ್ಟಲಿಗೆ ಬೀಳುತ್ತಿತ್ತು, ಸಿಪ್ಪೆ ಇನ್ನೊಂದು ಕಡೆಗೆ ಹೋಗುತ್ತಿತ್ತು. ಅವರ ವೇಗ ನೋಡಿ ಗಿರಿಜಾ ಕೈ ನಿಲ್ಲಿಸಿದರು. "ಚಿಕ್ಕಂದಿನಲ್ಲಿ ನಮ್ಮಮ್ಮ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಸುಲಿಸುತ್ತಿದ್ದಳು" ಎಂದರು ನೊನ್ನಾ. "ನನ್ನ ಸೊಸೆ ಡಬ್ಬಿ ತಂದು ತೆರೆಯುತ್ತಾಳೆ. ಕೈಯಲ್ಲಿ ಸುಲಿಯುವವರು ಇನ್ನೂ ಇದ್ದಾರೆಂದು ನನಗೆ ಗೊತ್ತಿರಲಿಲ್ಲ."

"ನಮ್ಮ ಅವ್ವನೂ ಹಂಗ ಮಾಡಿಸ್ತಿದ್ಲು" ಎಂದು ಗಿರಿಜಾ ಕನ್ನಡದಲ್ಲೇ ಹೇಳಿದರು. ಜೂಲಿಯಾ ವಿವೇಕನನ್ನು ಕೂಗಿದಳು. ಅವನು ಬಂದು ಇಂಗ್ಲಿಷಿಗೆ ತಿರುಗಿಸಿದ. ಆಮೇಲೆ ಅವನ ಅಗತ್ಯವೂ ಬೀಳಲಿಲ್ಲ. ಗಿರಿಜಾ ಒಂದು ಹಿಡಿ ಬೆಳ್ಳುಳ್ಳಿ ತೋರಿಸಿದರು. ನೊನ್ನಾ ಎರಡು ಬೆರಳೆತ್ತಿ ಎರಡು ಹಿಡಿ ಎಂದರು. ಅಲ್ಲಿಗೆ ಅವರಿಬ್ಬರ ಸ್ನೇಹ ಗಟ್ಟಿಯಾಯಿತು.

ನಂತರ ನೊನ್ನಾ ನನ್ನ ಪಾಸ್ತಾದ ಹಲಗೆಯ ಮುಂದೆ ನಿಂತರು. ಒಂದು ಕಿವಿಯನ್ನು ಎತ್ತಿ ನೋಡಿದರು. ನನ್ನನ್ನು ನೋಡಿದರು. ನನ್ನ ಅಷ್ಟೂ ಕಿವಿಗಳನ್ನು ಗುಡ್ಡೆ ಮಾಡಿ, ಮತ್ತೆ ಒಂದೇ ಮುದ್ದೆಯಾಗಿ ನಾದಿಬಿಟ್ಟರು. ಅವರು ಎಳೆದರು, ಶೈಲಾ ಮತ್ತು ಗಿರಿಜಾ ಹೆಬ್ಬೆರಳಲ್ಲಿ ಬಗ್ಗಿಸಿದರು. ನನಗೆ ಕರಕಲಾದ ಕುಕ್ಕರ್ ಉಜ್ಜುವ ಕೆಲಸ ಸಿಕ್ಕಿತು. ತಜ್ಞನಾಗಿ ನಾನು ಆಗಾಗ ಸಿಂಕ್ ಬಳಿಯಿಂದಲೇ ಸಲಹೆ ಕೊಡುತ್ತಿದ್ದೆ. ಯಾರೂ ಸ್ವೀಕರಿಸಲಿಲ್ಲ.

ಇನ್ನು ವೈನ್. ಜೂಲಿಯಾಳ ತಂದೆ ಖಾಲಿ ಗ್ಲಾಸನ್ನು ತಿರುಗಿಸುತ್ತಾ ಕೂತದ್ದು ಕಂಡು ನಾಗೇಶ ನನ್ನನ್ನು ಗ್ಯಾರೇಜಿಗೆ ಎಳೆದೊಯ್ದ. ಅಲ್ಲಿ ಬಣ್ಣದ ಡಬ್ಬಿಗಳ ಹಿಂದೆ ಧೂಳು ಹಿಡಿದ ಒಂದು ಬಾಟಲಿ. ಯಾವುದೋ ಕ್ರಿಸ್‌ಮಸ್‌ಗೆ ಆಫೀಸಿನಲ್ಲಿ ಕೊಟ್ಟದ್ದಂತೆ. ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್.

"ಇದು ನಡಿಯುತ್ತಾ?"

"ನಡಿಯಲ್ಲ. ಪುಲಿಯಾದವರಿಗೆ ಇದನ್ನ ಕೊಟ್ಟರೆ ಅವಮಾನ" ಎಂದೆ. ಬೇರೆ ಬಾಟಲಿ ಇರಲಿಲ್ಲವಾದ್ದರಿಂದ ಅದನ್ನೇ ರಾಮನವಮಿಯ ಪಾನಕದ ಹೂಜಿಗೆ ಸುರಿದುಕೊಂಡು ಬಂದೆವು.

ಊಟಕ್ಕೆ ಕೂತೆವು. ನೊನ್ನಾ ಮೊದಲು ವೈನ್ ಗುಟುಕರಿಸಿದರು. ಕಣ್ಣು ಮುಚ್ಚಿದರು. ಗಿರಿಜಾ ಉಸಿರು ಹಿಡಿದು ನೋಡುತ್ತಿದ್ದರು.

"ಇದು ನಮ್ಮಪ್ಪ ಮಾಡುತ್ತಿದ್ದ ವೈನ್" ಎಂದರು ನೊನ್ನಾ.

ನನಗಿಷ್ಟು ಸಾಕಾಯಿತು. ಪುಲಿಯಾದ ಕೆಂಪು ಮಣ್ಣು, ಎರಡು ಸಮುದ್ರಗಳ ಗಾಳಿ, ಆ ಗಾಳಿಯ ಉಪ್ಪು ದ್ರಾಕ್ಷಿಗೆ ತರುವ ಗಾಂಭೀರ್ಯ, ಇವುಗಳ ಕುರಿತು ನಿರರ್ಗಳವಾಗಿ ಮಾತಾಡಿದೆ. ಆ ಮಣ್ಣನ್ನು ತುಳಿದವರಿಗೆ ಮಾತ್ರ ಈ ರುಚಿ ಸಿಕ್ಕುತ್ತದೆ ಎಂದೆ. ಎಲ್ಲರೂ ಗೌರವದಿಂದ ಕೇಳಿದರು. ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ಜೂಲಿಯಾ ಮೃದುವಾಗಿ ಹೇಳಿದಳು, "ಅಂಕಲ್, ನೊನ್ನಾ ಆರು ವರ್ಷದವಳಿದ್ದಾಗಲೇ ಇಲ್ಲಿಗೆ ಬಂದದ್ದು. ಮುತ್ತಜ್ಜ ವೈನ್ ಮಾಡುತ್ತಿದ್ದದ್ದು ಸ್ಯಾನ್ ಪೆಡ್ರೊದ ಗ್ಯಾರೇಜಿನಲ್ಲಿ. ಇಲ್ಲಿನ ದ್ರಾಕ್ಷಿಯಿಂದ."

ನಾನು ನೀರು ಕುಡಿದೆ. ಲೋಟವನ್ನು ತಿರುಗಿಸದೆ ಕುಡಿದೆ.

ನನ್ನ ಗೌರವ ಉಳಿಸುವ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಪುಲಿಯಾದ ಪ್ರಿಮಿತೀವೊ ಮತ್ತು ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್ ಎರಡೂ ಒಂದೇ ತಳಿಯ ದ್ರಾಕ್ಷಿಯೆಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಇದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ. ಆದ್ದರಿಂದ ನನ್ನ ಉಪನ್ಯಾಸದಲ್ಲಿ ಹೇಳಿಕೊಳ್ಳುವಂಥ ತಪ್ಪೇನೂ ಇರಲಿಲ್ಲ. ಸಮುದ್ರಗಳು ಬೇರೆಯಾಗಿದ್ದವು, ಅಷ್ಟೇ.

ಅವರೆಬೇಳೆಯ ತೊವ್ವೆ ಬಂತು. ಮೇಲೆ ಸೊಪ್ಪು, ಆಲಿವ್ ಎಣ್ಣೆ. ಗಿರಿಜಾ ಕೈ ತಡೆಯದೆ ಒಂದು ಇಂಗಿನ ಒಗ್ಗರಣೆಯನ್ನೂ ಹಾಕಿಬಿಟ್ಟಿದ್ದರು. ನೊನ್ನಾ ಬಾಯಿಗಿಟ್ಟರು. ಮತ್ತೆ ಇಟ್ಟರು. ತಟ್ಟೆ ಖಾಲಿ ಮಾಡಿ, ಬ್ರೆಡ್ಡಿನಿಂದ ಒರೆಸಿ, ಇನ್ನೊಮ್ಮೆ ಬಡಿಸುವಂತೆ ತಟ್ಟೆ ಮುಂದೆ ಮಾಡಿದರು. ಪಾಸ್ತಾ ಆದ ಮೇಲೂ ಮತ್ತೆ ತೊವ್ವೆಗೇ ಬಂದರು. ಕೊನೆಗೆ ಕೈ ಒರೆಸಿಕೊಂಡು ಗಿರಿಜಾ ಕಡೆ ತಿರುಗಿದರು.

"ನನಗೆ ಭಯವಿತ್ತು" ಎಂದರು. "ಮಾಂಸವಿಲ್ಲದ ಮನೆಯಲ್ಲಿ ನನ್ನ ಹುಡುಗಿ ಬರೀ ಎಲೆ ತಿಂದು ಸೊರಗುತ್ತಾಳೆ ಎಂದುಕೊಂಡಿದ್ದೆ. ನಮ್ಮಮ್ಮನ ಅಡುಗೆಮನೆಯಲ್ಲೂ ಹಬ್ಬಕ್ಕೆ ಬಿಟ್ಟರೆ ಮಾಂಸವೇ ಇರುತ್ತಿರಲಿಲ್ಲ. ಅದು ಮರೆತೇ ಹೋಗಿತ್ತು. ಇವಳು ಇಲ್ಲಿ ಚೆನ್ನಾಗಿರುತ್ತಾಳೆ."

ವಿವೇಕ್ ಅದನ್ನು ಕನ್ನಡಕ್ಕೆ ತಿರುಗಿಸಲು ಹೊರಟು, ಎರಡನೆಯ ಮಾತಿಗೇ ನಿಲ್ಲಿಸಿದ. ತಿರುಗಿಸುವ ಅಗತ್ಯವಿರಲಿಲ್ಲ. ಗಿರಿಜಾ ಎದ್ದು ಹೋಗಿ ನೊನ್ನಾರ ಕೈ ಹಿಡಿದುಕೊಂಡಿದ್ದರು. ಜೂಲಿಯಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾಗೇಶ ಹೂಜಿಯಿಂದ ತನ್ನ ಲೋಟಕ್ಕೂ ಸ್ವಲ್ಪ ಬಗ್ಗಿಸಿಕೊಂಡ. ಮೂವತ್ತು ವರ್ಷದಿಂದ ಅವನನ್ನು ಬಲ್ಲ ನಾನು ಅವನು ವೈನ್ ಕುಡಿದದ್ದು ನೋಡಿದ್ದು ಅಂದೇ. ಮುಖ ಹಿಂಡಿ, "ಪಾನಕಾನೇ ವಾಸಿ" ಎಂದ.

ನನ್ನ ಮನಸ್ಸು ತುಂಬಿ ಬಂದಿತ್ತು. ಒಟ್ಟಿನಲ್ಲಿ ಎರಡು ಖಂಡಗಳನ್ನು ಬೆಸೆದವನು ನಾನೇ ಅಲ್ಲವೇ. ಹೊರಡುವಾಗ ನೊನ್ನಾ ನನ್ನನ್ನು ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಾಗ, ಪ್ರಶಸ್ತಿ ಸ್ವೀಕರಿಸುವವನಂತೆ ನಾನು ತಲೆ ತಗ್ಗಿಸಿದೆ.

"ಬಹಳ ಚೆನ್ನಾಗಿ ನೋಡಿಕೊಂಡೆ" ಎಂದರು. "ಮದುವೆಗೂ ನೀನೇ ಬರಬೇಕು. ನಿನ್ನ ರೆಸ್ಟೋರೆಂಟ್ ಎಲ್ಲಿದೆ? ಮದುವೆ ಆರ್ಡರ್ ತೆಗೆದುಕೊಳ್ಳುತ್ತೀಯಾ?"

ನಾಗೇಶ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶೈಲಾ ಅತ್ಯಂತ ವಿನಯದಿಂದ, "ತೆಗೆದುಕೊಳ್ಳುತ್ತಾರೆ. ಆ ದಿನ ಖಾಲಿ ಇದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ಮುಂದಿನ ವಸಂತದಲ್ಲಿ ಸ್ಯಾನ್ ಪೆಡ್ರೊದಲ್ಲಿ, ಸಮುದ್ರ ಕಾಣುವ ಒಂದು ಹಾಲಿನಲ್ಲಿ ಮದುವೆ ನಡೆಯಿತು. ಜೂಲಿಯಾ ಧಾರವಾಡದ ಸೀರೆಯಲ್ಲಿ ಮಂಟಪಕ್ಕೆ ಬಂದಳು. ಗಿರಿಜಾ ಮತ್ತು ನೊನ್ನಾ ಒಬ್ಬರ ತೋಳನ್ನು ಒಬ್ಬರು ಹಿಡಿದು ಓಡಾಡುತ್ತಿದ್ದರು. ಇದಕ್ಕೆಲ್ಲ ಮೂಲಕಾರಣನಾದ ನಾನು ಜರಿಪಂಚೆ ಉಟ್ಟು, ಮೈಸೂರು ಪೇಟ ಧರಿಸಿ, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ವಿರಾಜಮಾನನಾಗಿದ್ದೆ. ನೊನ್ನಾ ನನ್ನನ್ನು ಕಂಡವರೇ ದಡಬಡ ಬಂದರು.

"ನೀನು ಇಲ್ಲಿ ಕೂತರೆ ಒಳಗೆ ಯಾರಿದ್ದಾರೆ?"

ವಾದಿಸಬಹುದಾದ ಮುಖ ಅದಾಗಿರಲಿಲ್ಲ. ಸಹಾಯಕ್ಕೆಂದು ಶೈಲಾ ಕಡೆ ನೋಡಿದೆ. ಅವಳು ತನ್ನ ಕೈಚೀಲವನ್ನು ನನ್ನ ಕುರ್ಚಿಯ ಮೇಲಿಟ್ಟು, "ಹೋಗಿ ಬನ್ನಿ ರೀ, ಜಾಗ ನಾನು ನೋಡ್ಕೋತೀನಿ" ಎಂದಳು.

ಪಂಚೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿದ್ದ ಕೇಟರಿಂಗಿನವರು ನನ್ನ ಪೇಟ ನೋಡಿ, ಅತಿಥಿಗಳು ಒಳಗೆ ಬರುವಂತಿಲ್ಲ ಎಂದು ಮರ್ಯಾದೆಯಿಂದ ಹೊರಗೆ ಕಳಿಸಿದರು. ಹೊರಗೆ ಬಂದರೆ ನೊನ್ನಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಮತ್ತೆ ಒಳಗೆ ಹೋದೆ. ಮತ್ತೆ ಹೊರಗೆ ಕಳಿಸಿದರು.

ಹೀಗಾಗಿ ನಾನು ಕುದುರಿಸಿದ ಮದುವೆಯ ಧಾರೆಯನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತಿತ್ತ ಆಡುವ ಕದದ ಸಂದಿಯಲ್ಲಿ ನೋಡಿದೆ. ಕದ ಈ ಕಡೆಗೆ ಬಂದಾಗ ವರ ಕಾಣುತ್ತಿದ್ದ. ಆ ಕಡೆಗೆ ಹೋದಾಗ ವಧು.